ಕ್ಷಮಿಸುವವನ ಕತೆ, ಹೊರಟವಳ ಕತೆ

ಮಾಸ್ತಿಯವರ 'ವೆಂಕಟಿಗನ ಹೆಂಡತಿ'ಯನ್ನು ಮೆಚ್ಚದ ಓದುಗರು ಕಡಿಮೆ. ಮನೆ ಬಿಟ್ಟು ಹೋದವಳು ಮರಳಿ ಬಂದಾಗ ವೆಂಕಟಿಗ ಅವಳನ್ನು ಒಪ್ಪಿಕೊಳ್ಳುತ್ತಾನೆ. ಅವನ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕತೆ ಮುಗಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿಯುವುದು ಅವನ ಔದಾರ್ಯ, ಅವಳ ಒಳಗುದಿಯಲ್ಲ.

ಆನಂದರ 'ನಾನು ಕೊಂದ ಹುಡುಗಿ' ಇನ್ನೂ ಒಳಗೆ ಇರಿಯುವ ಕತೆ. ಹಳ್ಳಿಗೆ ಬಂದ ಓದಿದ ಅತಿಥಿಯ ಕೋಣೆಗೆ ರಾತ್ರಿ ಆ ಮನೆಯ ಮಗಳು ಚೆನ್ನಿ ಬರುತ್ತಾಳೆ. ಹರಕೆಯ ಹೆಸರಿನಲ್ಲಿ ಬಸವಿ ಬಿಟ್ಟ ಹುಡುಗಿ. ಅವಳ ಪಾಲಿಗೆ ಅದು ದೇವರ ಸೇವೆ. ಅತಿಥಿ ಅವಳನ್ನು ಮುಟ್ಟುವುದಿಲ್ಲ, ಬುದ್ಧಿ ಹೇಳುತ್ತಾನೆ. ತಾನು ಬದುಕುತ್ತಿರುವುದೇ ಪಾಪವೆಂದು ತಿಳಿದ ಚೆನ್ನಿ ಪ್ರಾಣ ಕಳೆದುಕೊಳ್ಳುತ್ತಾಳೆ. ಕಣ್ಣು ತೆರೆಸಿ ದಾರಿ ತೋರಿಸದ ಸುಧಾರಣೆ ಎಷ್ಟು ಕ್ರೂರವಾಗಬಲ್ಲದು ಎಂಬುದನ್ನು ಕನ್ನಡದಲ್ಲಿ ಇಷ್ಟು ಧೈರ್ಯದಿಂದ ಹೇಳಿದ ಕತೆ ಅಪರೂಪ. ಆದರೂ ಹರಕೆ ಹೊತ್ತವನು ಅಪ್ಪ, ತೀರ್ಪು ಕೊಟ್ಟವನು ಅತಿಥಿ. ಚೆನ್ನಿ ತಾನಾಗಿ ತೀರ್ಮಾನಿಸಿದ್ದು ಸಾವೊಂದನ್ನೇ.

ಬರೆದವರು ಗಂಡಸರು ಎಂಬುದೇ ಇದಕ್ಕೆ ಕಾರಣವಲ್ಲ. ರವೀಂದ್ರನಾಥ ಟಾಗೋರರು 1914ರಲ್ಲಿ ಬರೆದ 'ಸ್ತ್ರೀರ್ ಪತ್ರ'ದಲ್ಲಿ ಹದಿನೈದು ವರ್ಷ ಸಂಸಾರ ಮಾಡಿದ ಮೃಣಾಲ್ ಪುರಿಯಿಂದ ಗಂಡನಿಗೆ ಪತ್ರ ಬರೆದು, ಇನ್ನು ನಿಮ್ಮ ಮನೆಗೆ ಬರುವುದಿಲ್ಲ ಎನ್ನುತ್ತಾಳೆ. ಅಲ್ಲಿ ಲೇಖನಿ ಅವಳ ಕೈಯಲ್ಲಿದೆ. ವ್ಯತ್ಯಾಸ ಇರುವುದು ಅಲ್ಲಿ.

ನವಿ ಮುಂಬಯಿಯ ಬೇಲಾಪುರದಲ್ಲಿ ಕೂತು ಈ ಕತೆಗಳನ್ನು ಓದಿದಾಗ ಹಳೆಯ ಕಾಲದ್ದು ಎಂದು ಪಕ್ಕಕ್ಕಿಡಲು ಆಗುವುದಿಲ್ಲ. ಬೆಳಗಿನ ಹಾರ್ಬರ್ ಲೈನಿನ ಲೋಕಲ್ ಹಿಡಿದು ಆಫೀಸಿಗೆ ಹೋಗುವ ನಮ್ಮ ಹುಡುಗಿಯರ ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ಇಂದಿಗೂ ಹೇಳುವುದು, "ಮದುವೆ ಆದ್ಮೇಲೂ ಕೆಲಸಕ್ಕೆ ಕಳಿಸ್ತೀವಿ" ಎಂದೇ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ; ವೆಂಕಟಿಗನದೂ ಒಳ್ಳೆಯ ಮನಸ್ಸೇ. ಇಲ್ಲೇ ಹತ್ತಿರದ ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ ಅಮೆರಿಕದಲ್ಲಿ ಓದಿ 1886ರಲ್ಲಿ ವೈದ್ಯೆಯಾದರು. ಅವರ ಮಾತು ಬಂದಾಗಲೂ ಗಂಡ ಗೋಪಾಲರಾಯರ ಹಟವೇ ಮೊದಲು ನೆನಪಾಗುತ್ತದೆ. ತಾನು ಯಾಕೆ ಹೋಗುತ್ತಿದ್ದೇನೆಂದು ಆನಂದಿಬಾಯಿಯೇ 1883ರಲ್ಲಿ ಸೆರಾಂಪುರದ ಸಭೆಯಲ್ಲಿ ನಿಂತು ಹೇಳಿದ್ದರು.

ಕನ್ನಡದಲ್ಲಿ ಆ ಲೇಖನಿ ವೈದೇಹಿಯವರ ಕೈಗೆ ಬಂತು. ಗಂಡ ಬಿಟ್ಟುಹೋದ, ಮನೆಯವರು ಹುಚ್ಚಿ ಎನ್ನುವ 'ಅಕ್ಕು' ಬಾಯಿ ಬಿಟ್ಟರೆ ಮರ್ಯಾದಸ್ಥರ ಮುಖವಾಡ ಕಳಚುತ್ತದೆ. ಅವಳು ಯಾರ ಕ್ಷಮೆಗೂ ಕಾಯುವವಳಲ್ಲ. ಮುಂಬಯಿಯ ಕನ್ನಡ ಸಂಘಗಳು ಮಾಸ್ತಿ, ಆನಂದರ ಕತೆಗಳನ್ನು ಚರ್ಚೆಗಿಡುವಾಗ ಅದೇ ಸಂಜೆ, ಅದೇ ವೇದಿಕೆಯಲ್ಲಿ 'ಅಕ್ಕು'ವನ್ನೂ ಓದಿಸಲಿ.