ಪೈಥಾನ್ 3.12: ಪರೀಕ್ಷೆಗಳ ಸೋಲನ್ನು ಕುರಿತು

ಪೈಥಾನ್ ಎಂಬ ಗಣಕಭಾಷೆಯ 3.12ನೆಯ ಆವೃತ್ತಿಯು 2023ರ ಅಕ್ಟೋಬರಿನಲ್ಲಿ ಹೊರಬಂದೊಡನೆ ಅನೇಕ ತಂತ್ರಾಂಶ ಪ್ಯಾಕೇಜುಗಳು ತಮ್ಮ ಪರೀಕ್ಷೆಗಳಲ್ಲಿಯೇ ಸೋತುವು. ಈ ಸೋಲುಗಳೆಲ್ಲವನ್ನೂ ಪ್ಯಾಕೇಜಿನ ದೋಷವೆಂದೆಣಿಸುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ. ಬಂದ ಉತ್ತರವೂ ಬರಬೇಕಾದ ಉತ್ತರವೂ ಒಂದೇ ಎಂದು ನೋಡುವ ಪರೀಕ್ಷಾಕ್ರಮಕ್ಕೆ ‘ಅಸರ್ಟ್‌ಈಕ್ವಲ್’, ‘ಅಸರ್ಟ್‌ಈಕ್ವಲ್ಸ್’ ಎಂಬ ಹೆಸರುಗಳಿದ್ದುವು. ಎರಡನೆಯದನ್ನು ಬಿಡಬೇಕೆಂದು ಹತ್ತು ವರ್ಷಗಳಿಗೂ ಹಿಂದೆಯೇ ಸಾರಿದ್ದರು. ಈ ಆವೃತ್ತಿಯಲ್ಲಿ ತೆಗೆದೇಬಿಟ್ಟರು. ಹಳೆಯ ಹೆಸರಿನಿಂದ ಕರೆದ ಪರೀಕ್ಷೆಗಳು ಬಿದ್ದುವು. ಲೆಕ್ಕವೇನೋ ಸರಿಯಾಗಿಯೇ ಇದ್ದಿತು. ಲಿಪಿಯನ್ನರಿಯದವನು ಶಾಸನವನ್ನೇ ಕೂಟಶಾಸನವೆಂದಂತಾಯಿತು! ಅದೇ ಆವೃತ್ತಿಯಲ್ಲಿ ‘ಡಿಸ್ಟ್‌ಯುಟಿಲ್ಸ್’ ಎಂಬ ಘಟಕವನ್ನು ತೆಗೆದುದರ ಪರಿಣಾಮ ಬೇರೆ. ಅದನ್ನೇ ನೆಚ್ಚಿದ್ದ ಕೆಲವು ಪ್ಯಾಕೇಜುಗಳ ಸ್ಥಾಪನೆಯೇ ನಿಂತಿತು. ಈ ಎರಡನ್ನೂ ‘ಅನುತ್ತೀರ್ಣ’ ಎಂಬ ಒಂದೇ ಕಲಮಿನಲ್ಲಿ ಬರೆದಿಡುವ ಪಟ್ಟಿಗಳನ್ನು ನಾವು ಆಧಾರವೆಂದು ಒಪ್ಪಲಾರೆವು.