ಮೊದಲೂ ಕೊನೆಯೂ ಹೇಳಿದರೆ ಸಾಕು

ಸಿನಿಮಾದ ಆರಂಭ ಮತ್ತು ಮುಕ್ತಾಯ ಎರಡನ್ನೇ ಹೇಳಿ, 'ಯಾವ ಪಿಚ್ಚರ್ ಹೇಳ್ರಿ ನೋಡೂಣು' ಎನ್ನುವ ಆಟ ನನಗೆ ಅಚ್ಚುಮೆಚ್ಚು. ನಮ್ಮ ಚಡಚಣ ಜನಪದ ವಿದ್ವಾಂಸ ಸಿಂಪಿ ಲಿಂಗಣ್ಣನವರ ಊರು. ಅವರೂ ಸೇರಿ ಜನಪದ ಹಾಡುಗಳನ್ನು ಹುಡುಕಿ ಕೂಡಿಸಿದ ಹಲಸಂಗಿ ಗೆಳೆಯರ ಸೀಮೆ ಇದು. ಹಾಗಾಗಿ ಇಂಥ ಒಗಟು ಒಡೆಯುವ ಖುಷಿ ಇಲ್ಲಿಯ ಜನಕ್ಕೆ ಹೊಸದಲ್ಲ.

ನಗುತ್ತ ಹಾಡುತ್ತ ಊರಿಗೆ ಬಂದವನು ಕೊನೆಗೆ ಎಲ್ಲ ಬಿಟ್ಟು ನಡೆದುಬಿಡುತ್ತಾನೆ ಅಂದರೆ 'ಬಂಗಾರದ ಮನುಷ್ಯ' (1972) ಎಂದು ಯಾರಾದರೂ ಹೇಳಿಯಾರು. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗ, ಕೊನೆಗೆ ಚಿತ್ರದುರ್ಗದ ಬೆಟ್ಟದ ತುದಿ ಅಂದರೆ 'ನಾಗರಹಾವು'.

ನನ್ನ ಪಾಲಿಗೆ ಎಲ್ಲಕ್ಕೂ ಮಿಗಿಲು ದೊರೈ-ಭಗವಾನ್ ಅವರ 'ಕಸ್ತೂರಿ ನಿವಾಸ' (1971). ಬೆಂಕಿಪೊಟ್ಟಣ ಕಾರ್ಖಾನೆಯ ಧಣಿ ಕೊನೆಗೆ ಎಲ್ಲ ಕಳಕೊಂಡಿದ್ದಾನೆ. ಮನೆಗೆ ಬಂದವಳಿಗೆ ಊಟ ಹಾಕಲು ಉಳಿದಿದ್ದೊಂದು ಪಾರಿವಾಳವನ್ನೂ ಮಾರುತ್ತಾನೆ. ಉಂಡ ಮೇಲೆ ಅವಳು ಮಗುವಿಗಾಗಿ ಕೇಳುವುದು ಅದೇ ಪಾರಿವಾಳವನ್ನು! ಇಲ್ಲವೆನ್ನಲಾಗದ ರಾಜಕುಮಾರ್ ಅವರ ಆ ಮುಖ ಮರೆಯುವಂಥದ್ದಲ್ಲ.

ಮನೆಯ ಮಕ್ಕಳನ್ನೂ ಈ ಆಟಕ್ಕೆ ಕೂಡಿಸಿಕೊಳ್ಳಿ. ಗೊತ್ತಾಗದಿದ್ದರೆ ಉತ್ತರ ಹೇಳಬೇಡಿ, ಸಿನಿಮಾನೇ ಹಾಕಿ ತೋರಿಸಿ.