ಹೆಸರು ನೋಂದಣಿಯಾಯಿತು, ಸೇರಿದ್ದು ಎಲ್ಲಿಗೆ?

2023ರ ಜನವರಿಯಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ನಡೆದ 26ನೇ ರಾಷ್ಟ್ರೀಯ ಯುವಜನೋತ್ಸವವನ್ನು ಜಿಲ್ಲೆಯ ಯುವಚಟುವಟಿಕೆಯ ಶಿಖರವೆಂದು ಹೊಗಳುವವರು ಈಗಲೂ ಇದ್ದಾರೆ. ಆ ಹೊಗಳಿಕೆ ಅತಿಯಾಯಿತು. ಕುಂದಗೋಳ ತಾಲೂಕಿನ ಕುಬಿಹಾಳದಂಥ ಊರಿನ ಹುಡುಗಿ ಮರುದಿನ ಎಲ್ಲಿಗೆ ಹೋಗಿ, ಯಾರನ್ನು ಕೇಳಿ ಸೇರಬೇಕು ಎಂಬ ಪ್ರಶ್ನೆಗೆ ಉತ್ಸವದಲ್ಲಿ ಉತ್ತರವಿರಲಿಲ್ಲ.

ನೆಹರು ಯುವ ಕೇಂದ್ರ, ಕಾಲೇಜಿನ ಎನ್‌ಎಸ್‌ಎಸ್, ಯುವಕ ಸಂಘ, ಯುವತಿ ಮಂಡಳಗಳ ಚರಿತ್ರೆ ಓದುಗರಿಗೆ ಗೊತ್ತೇ ಇದೆ. ನನ್ನ ತಕರಾರಿರುವುದು 2023ರ ಅಕ್ಟೋಬರ್ 31ರಂದು ಶುರುವಾದ ಕೇಂದ್ರ ಸರ್ಕಾರದ ಯುವ ವೇದಿಕೆ ‘ಮೈ ಭಾರತ್’ ತೆರೆದ ಬಾಗಿಲಿನ ಬಗ್ಗೆ. 15ರಿಂದ 29 ವರ್ಷದವರಿಗೆ ಅದು ಮುಕ್ತ. ದೂರದ ಕಾರ್ಯಕ್ರಮಗಳ ಸುದ್ದಿ ಮನೆಯಲ್ಲೇ ಸಿಗುತ್ತದೆ, ಅಷ್ಟು ಒಪ್ಪೋಣ. ಆದರೆ ಆರಂಭ ಸಾಮಾನ್ಯವಾಗಿ ಮೊಬೈಲ್ ನಂಬರು, ಅದಕ್ಕೆ ಬರುವ ಒಟಿಪಿ. ಮನೆಯ ಫೋನು ಅಪ್ಪನದೋ ಅಣ್ಣನದೋ ಆಗಿದ್ದರೆ, ಹದಿನಾರರ ಹುಡುಗಿಯ ಒಟಿಪಿ ಹೊಲದಲ್ಲಿರುವವನ ಕಿಸೆಗೆ ಹೋಗುತ್ತದೆ. ಸೇರುವ ಮೊದಲೇ ಅವಳು ಅಪ್ಪಣೆ ಬೇಡಬೇಕು. ಹುಡುಗರಿಗೆ ಈ ತೊಡಕು ಕಡಿಮೆ, ಆದರೆ ಹೆಸರು ತುಂಬಿದ ಮೇಲೆ ಸಂಜೆ ಕೂಡಲು ಜಾಗ ಅವರಿಗೂ ಇಲ್ಲ. ಯುವ ದಿನಾಚರಣೆಯಾದರೂ ಜನವರಿ 12ಕ್ಕೆ, ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ. ಆ ಕೆಲಸಕ್ಕೆ ಹೋಗುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಕೂಲಿ ಬಿಟ್ಟು ಯಾರು ಬರಬೇಕು?

‘ಮೊಬೈಲು ಬಂತು, ಸಂಘಗಳು ಸತ್ತವು’ ಎಂದು ಬರೆಯುವ ವಿಮರ್ಶಕರು ಇಲ್ಲಿ ಅಡ್ಡ ಬರುತ್ತಾರೆ. ಅವರು ಕಾಯ್ದೆಯನ್ನು ಓದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರದು. ನೋಂದಣಿಗೆ ಕನಿಷ್ಠ ಏಳು ಜನ, ಒಂದು ಬೈಲಾ. ಆಮೇಲೆ ವರ್ಷ ವರ್ಷವೂ ಮಹಾಸಭೆ, ನೋಂದಣಿ ಕಚೇರಿಗೆ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ. ಅಧ್ಯಕ್ಷ ದುಡಿಯಲು ಹುಬ್ಬಳ್ಳಿಗೆ ಹೋದ, ಯುವತಿ ಮಂಡಳದ ಕಾರ್ಯದರ್ಶಿ ಲಗ್ನವಾಗಿ ಗಂಡನ ಮನೆಗೆ ಹೋದಳು. ಪಟ್ಟಿ ಸಲ್ಲಿಸುವವರೇ ಇಲ್ಲದೆ ಸಂಘ ಕಾಗದದಲ್ಲಿ ಬಿದ್ದುಹೋಗುತ್ತದೆ. ಅದೇ ಊರಲ್ಲಿ ಕಬಡ್ಡಿ, ಭಜನೆ ನಡೆದೇ ಇರುತ್ತವೆ. ಇನ್ನು ಕೆಲವರು ಈ ಸಂಘಗಳೆಂದರೆ ಗಣಪತಿಗೆ ಚಂದಾ ಎತ್ತುವ ಗುಂಪುಗಳು ಎಂದು ತಳ್ಳಿಹಾಕುತ್ತಾರೆ. ಎತ್ತಿದ ಚಂದಾ ಹಣದ ಲೆಕ್ಕವನ್ನು ಗುಡಿಯ ಮುಂದೆ ಊರವರಿಗೆ ಓದಿ ಹೇಳುವುದು ಅವರಿಗೆ ಸಣ್ಣದಾಗಿ ಕಂಡಿದೆ. ಇಪ್ಪತ್ತರ ಹುಡುಗನಿಗೆ ಸಾರ್ವಜನಿಕ ಜವಾಬ್ದಾರಿ ಕಲಿಸಲು ಇದಕ್ಕಿಂತ ಗಟ್ಟಿಯಾದ ಶಿಬಿರವನ್ನು ಯಾವ ಇಲಾಖೆಯೂ ನಡೆಸಿಲ್ಲ.

ಸೇರುವ ಬಾಗಿಲು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿರಬೇಕು. ಅಲ್ಲೊಂದು ವಹಿ ಇಟ್ಟರೆ ಹುಡುಗಿ ತನ್ನ ಕೈಯಿಂದಲೇ ಹೆಸರು ಬರೆಯುತ್ತಾಳೆ, ಯಾರ ಫೋನೂ ಬೇಕಿಲ್ಲ. ಸಂಘದ ವಾರ್ಷಿಕ ಕಾಗದಪತ್ರಗಳನ್ನೂ ಅಲ್ಲೇ ತೆಗೆದುಕೊಂಡರೆ, ಒಂದು ಪಟ್ಟಿ ಮುಟ್ಟಿಸಲು ಯಾರೂ ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಾಗುವುದಿಲ್ಲ.